26 ಪದಾರ್ಥ ಬಿಟ್ಟರೂ ತಲೆಯ ಮಂಕು ಇಳಿದಿಲ್ಲ, ಏನು ಮಾಡಲಿ?

ಪ್ರಶ್ನೆ: ಡಾಕ್ಟ್ರೇ, ನನಗೆ 37 ವರ್ಷ. ಮನೆ ಹಾಸನದಲ್ಲಿ, ಆಲೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್. ಒಂದೂವರೆ ವರ್ಷದಿಂದ ತಲೆಗೆ ಮಂಕು ಕವಿದ ಹಾಗಿದೆ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾ ಅರ್ಧಕ್ಕೆ ನಿಂತುಬಿಡುತ್ತೇನೆ. ದಿನಾ ನೋಡುವ ಮಕ್ಕಳ ಹೆಸರೇ ಬಾಯಿಗೆ ಬರುವುದಿಲ್ಲ. ಚಪಾತಿ, ಪಲ್ಯ ತಿಂದ ದಿನ ಇದು ಜಾಸ್ತಿ, ಹೊಟ್ಟೆಯೂ ಉಬ್ಬರಿಸುತ್ತದೆ. ಒಂದು ಕ್ಯಾಂಪ್‌ನಲ್ಲಿ ರಕ್ತ ಕೊಟ್ಟು ಯಾವ ಆಹಾರ ಒಗ್ಗುವುದಿಲ್ಲ ಎಂದು ತಿಳಿಸುವ ಪರೀಕ್ಷೆ ಮಾಡಿಸಿದೆ. ಗೋಧಿ, ಹಾಲು, ಮೊಸರು, ಮೊಟ್ಟೆ, ಕಡಲೆಕಾಯಿ, ಬದನೆಕಾಯಿ ಎಂದು 26 ಪದಾರ್ಥಗಳಿಗೆ ಕೆಂಪು ಗುರುತು ಬಂತು. ನಾಲ್ಕು ತಿಂಗಳಿಂದ ಎಲ್ಲ ಬಿಟ್ಟಿದ್ದೇನೆ. ಮೊದಲ 15 ದಿನ ಚೆನ್ನಾಗಿತ್ತು. ಈಗ ಮೊದಲಿಗಿಂತ ಸುಸ್ತು, 5 ಕೆಜಿ ಇಳಿದಿದ್ದೇನೆ. ಕಾಫಿ ಬಿಡಲು ನೋಡಿದೆ, ಎರಡೇ ದಿನಕ್ಕೆ ತಲೆ ಸಿಡಿಯಿತು. ಈಗ ಹಾಲಿಲ್ಲದ ಕಾಫಿ ದಿನಕ್ಕೆ ಐದು ಲೋಟ. ಮುಟ್ಟು ಜಾಸ್ತಿ ಹೋಗುತ್ತದೆ. ಸೀನು ಬರುತ್ತದೆಂದು ರಾತ್ರಿ ಒಂದು ಅಲರ್ಜಿ ಮಾತ್ರೆ ನುಂಗುತ್ತೇನೆ. ನಾವು ಮಾಂಸ ತಿನ್ನುವುದಿಲ್ಲ. 9 ವರ್ಷದ ಮಗಳಿಗೂ ಈ ಪರೀಕ್ಷೆ ಮಾಡಿಸಲೇ? ಅವರೆಕಾಯಿ ಕಾಲ ಬಂತು, ಅದನ್ನಾದರೂ ತಿನ್ನಬಹುದಾ?

ಉತ್ತರ: ಟೀಚರ್, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಲ್ಲಿ ಅದನ್ನು ಚಿಕ್ಕದು ಮಾಡಿ ಕೊಟ್ಟಿದೆ. ಮೂಲದಲ್ಲಿ ಆ 26 ಪದಾರ್ಥಗಳಿಗೇ ಒಂದು ಪೂರ್ತಿ ಪುಟ ಇತ್ತು. ಮುಟ್ಟು, ಕಾಫಿ, ರಾತ್ರಿಯ ಮಾತ್ರೆ, ಇವಕ್ಕೆ ಒಂದೊಂದೇ ಸಾಲು. ನನ್ನ ಕಣ್ಣು ನಿಂತಿದ್ದು ಆ ಮೂರು ಸಾಲುಗಳ ಮೇಲೆ.

ಮಂಕು ಇರುವುದು ನಿಜ. ಅದು ನಿಮ್ಮ ಭ್ರಮೆ ಎಂದು ಯಾರಾದರೂ ಹೇಳಿದ್ದರೆ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ. ಇದಕ್ಕೆ ಈಗ ಬ್ರೇನ್ ಫಾಗ್ ಎಂಬ ಹೆಸರು ಚಾಲ್ತಿಯಲ್ಲಿದೆ. ಇದು ಕಾಯಿಲೆಯ ಹೆಸರಲ್ಲ, ಜ್ವರದ ಹಾಗೆ ಒಂದು ಲಕ್ಷಣ. ಜ್ವರ ಬಂದರೆ ಯಾಕೆ ಬಂತು ಎಂದು ಹುಡುಕುತ್ತೇವೆ ಅಲ್ವಾ? ಇಲ್ಲೂ ಅಷ್ಟೇ. ಊಟ ಇದಕ್ಕೆ ಕಾರಣ ಇರಬಹುದು. ಆದರೆ ನಿಮ್ಮ ವಿಷಯದಲ್ಲಿ ತಟ್ಟೆಯಿಂದ ಏನು ತೆಗೆಯಬೇಕು ಎನ್ನುವುದಕ್ಕಿಂತ, ಮೈಗೆ ಏನು ಸಾಲದಾಗಿದೆ ಎಂಬುದನ್ನು ಮೊದಲು ನೋಡಬೇಕಿತ್ತು.

ಮೊದಲು ಆ ಕಾಗದದ ವಿಷಯ ಮುಗಿಸುತ್ತೇನೆ. ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ಐಜಿಜಿ ಎಂಬ ಪ್ರತಿಕಾಯವನ್ನು. ನಾವು ತಿನ್ನುವ ಆಹಾರದ ಗುರುತು ಹಿಡಿದು ಮೈ ಇದನ್ನು ತಯಾರಿಸುತ್ತದೆ. ದಿನಾ ಹಾಲು ಕುಡಿಯುವವರಲ್ಲಿ ಹಾಲಿನ ಐಜಿಜಿ, ದಿನಾ ಗೋಧಿ ತಿನ್ನುವವರಲ್ಲಿ ಗೋಧಿಯ ಐಜಿಜಿ ಸಿಗುವುದು ಸಹಜ. ಹಲವು ಸಲ ಅದು ಮೈ ಆ ಆಹಾರಕ್ಕೆ ಹೊಂದಿಕೊಂಡಿದೆ ಎಂಬುದರ ಗುರುತು. ಯುರೋಪಿನ ಅಲರ್ಜಿ ತಜ್ಞರ ಸಂಘ 2008ರಲ್ಲೇ ಈ ಪರೀಕ್ಷೆಯಿಂದ ಆಹಾರ ಒಗ್ಗದಿರುವುದನ್ನು ಪತ್ತೆ ಮಾಡಬಾರದು ಎಂದು ಹೇಳಿತು. ಅಮೆರಿಕ, ಕೆನಡಾದ ಸಂಘಗಳದ್ದೂ ಅದೇ ಮಾತು. ಹಾಗಾಗಿ ನಿಮ್ಮ 26 ಕೆಂಪು ಗುರುತುಗಳು ಬಹುಪಾಲು ನೀವು ಏನೇನು ತಿನ್ನುತ್ತಿದ್ದಿರಿ ಎಂಬುದರ ಪಟ್ಟಿ. ಅದನ್ನು ಹೇಳಲು ರಕ್ತ ಬೇಕಿರಲಿಲ್ಲ, ನಿಮ್ಮ ಅಡುಗೆಮನೆಯ ಡಬ್ಬಿಗಳೇ ಸಾಕಿತ್ತು.

ಪಟ್ಟಿಯಲ್ಲಿ ಬದನೆಕಾಯಿ ನೋಡಿ ನಿಮ್ಮ ಅತ್ತೆಯವರು 'ನಂಜು ಅಂತ ನಾನು ಅವತ್ತೇ ಹೇಳಿರಲಿಲ್ವಾ' ಎಂದರಂತೆ. ನಂಜು, ವಾಯು, ಉಷ್ಣ ಎಂಬ ಹಿರಿಯರ ಲೆಕ್ಕವನ್ನು ನಾನು ಸುಮ್ನೆ ತಳ್ಳಿಹಾಕುವವನಲ್ಲ. 'ಅವರೆಕಾಳು ವಾಯು' ಎನ್ನುವ ಮಾತಿಗೆ ಈಗಿನ ವಿಜ್ಞಾನದಲ್ಲೂ ಜಾಗ ಇದೆ, ಮುಂದೆ ಹೇಳುತ್ತೇನೆ. ಆದರೆ ಬದನೆಕಾಯಿ ತಿಂದರೆ ತಲೆ ಮಂಕಾಗುತ್ತದೆ ಎಂದು ಅವರೂ ಹೇಳಿದವರಲ್ಲ.

'ಒಗ್ಗಲ್ಲ' ಎಂಬ ಒಂದೇ ಮಾತಿನಲ್ಲಿ ನಾವು ಮೂರು ಬೇರೆ ಬೇರೆ ಸಂಗತಿ ಸೇರಿಸಿಬಿಡುತ್ತೇವೆ. ನಿಜವಾದ ಅಲರ್ಜಿ ಬೇಗ ಬರುತ್ತದೆ. ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಮೈಮೇಲೆ ದದ್ದು, ತುಟಿ ಊತ, ವಾಂತಿ, ಉಸಿರಾಟಕ್ಕೆ ತೊಂದರೆ. ತುಟಿ, ನಾಲಿಗೆ ಊದಿ ಉಸಿರು ಕಟ್ಟಿದರೆ ಮನೆಮದ್ದು ಮಾಡುತ್ತಾ ಕೂರಬಾರದು, 108ಕ್ಕೆ ಫೋನ್ ಮಾಡಬೇಕು. ನಿಮಗೆ ಅಂಥದ್ದು ಯಾವತ್ತೂ ಆಗಿಲ್ಲ. ಎರಡನೆಯದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಎಂಬ ಅಂಟಿನ ಅಂಶ ಹೊಟ್ಟೆಗೆ ಹೋದಾಗ ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಮೂರನೆಯದು ಸುಮ್ಮನೆ ಜೀರ್ಣದ ತೊಂದರೆ. ಹಾಲಿನ ಸಕ್ಕರೆಯನ್ನೋ ಈರುಳ್ಳಿಯ ಒಂದು ಅಂಶವನ್ನೋ ಕರುಳು ಅರಗಿಸಲಾರದೆ ಗಾಳಿ ತುಂಬಿಕೊಳ್ಳುವುದು. ಇದರಿಂದ ಕಷ್ಟ ಆಗುತ್ತದೆ, ಅಪಾಯ ಆಗುವುದಿಲ್ಲ.

ಈ ಮೂರರಲ್ಲಿ ತಲೆಯ ಮಂಕಿಗೆ ಚೆನ್ನಾಗಿ ಗಂಟು ಬಿದ್ದಿರುವುದು ಸೀಲಿಯಾಕ್. ಆ ಕಾಯಿಲೆ ಇರುವ ಬಹಳ ಜನ ಮಂಕಿನ ಬಗ್ಗೆಯೇ ದೂರುತ್ತಾರೆ, ಗೋಧಿ ಬಿಟ್ಟ ಮೇಲೆ ತಿಂಗಳುಗಟ್ಟಲೆ ನಿಧಾನವಾಗಿ ಸುಧಾರಿಸುತ್ತಾರೆ. ಇದಕ್ಕೆ ಗೋಧಿಯೇ ಕಾರಣ ಎಂದು ಗೊತ್ತಾದ ಕತೆ ಚೆನ್ನಾಗಿದೆ. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಎಂಬುವರಿಗೆ ಮೊದಲಿನಿಂದಲೂ ಗೋಧಿಯ ಮೇಲೆ ಅನುಮಾನ ಇತ್ತು. ಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ಅಲ್ಲಿ ಬ್ರೆಡ್ಡೇ ಸಿಗದ ಹಾಗಾಯಿತು. ಊರೆಲ್ಲ ಹಸಿವಿನಿಂದ ಒಣಗುತ್ತಿದ್ದಾಗ ಸೀಲಿಯಾಕ್ ಇದ್ದ ಮಕ್ಕಳು ಮಾತ್ರ ಚೇತರಿಸಿಕೊಂಡವು. ಬ್ರೆಡ್ ಮತ್ತೆ ಬಂದಾಗ ಕಾಯಿಲೆಯೂ ಮತ್ತೆ ಬಂತು.

ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಲ್ಲಿ ಇದು ಇದೆ. ನಮ್ಮ ದಕ್ಷಿಣದಲ್ಲಿ ಅದಕ್ಕಿಂತ ಬಹಳ ಕಡಿಮೆ. ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಹಾಗಾಗಿ ನಿಮಗೆ ಟಿಟಿಜಿ-ಐಜಿಎ ಎಂಬ ರಕ್ತ ಪರೀಕ್ಷೆ, ಅದರ ಜೊತೆ ಒಟ್ಟು ಐಜಿಎ ಮಟ್ಟ ಮಾಡಿಸಬೇಕು. ಆದರೆ ಇಲ್ಲೊಂದು ತೊಡಕಿದೆ, ನಿಮಗೆ ಕ್ಯಾಂಪ್‌ನವರು ಇದನ್ನು ಹೇಳದೇ ಹೋದದ್ದಕ್ಕೆ ನನಗೆ ಸಿಟ್ಟಿದೆ. ಗೋಧಿ ತಿನ್ನುತ್ತಿದ್ದರೆ ಮಾತ್ರ ಈ ಪರೀಕ್ಷೆ ಸರಿಯಾದ ಉತ್ತರ ಕೊಡುತ್ತದೆ. ನಾಲ್ಕು ತಿಂಗಳು ಬಿಟ್ಟಿದ್ದೀರಿ. ಈಗ ಮಾಡಿಸಿದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ಹಾಗಾಗಿ ಬೇರೆ ಪರೀಕ್ಷೆಗಳನ್ನು ಈಗಲೇ ಮಾಡಿಸಿ. ಇದಕ್ಕಾಗಿ ಮಾತ್ರ ಆರು ವಾರ ದಿನಾ ಎರಡು ಹೊತ್ತು ಗೋಧಿ ತಿಂದು ಆಮೇಲೆ ರಕ್ತ ಕೊಡಿ. ಎರಡು ಚಪಾತಿಯೋ ಎರಡು ತುಂಡು ಬ್ರೆಡ್ಡೋ ಸಾಕು. ತಡೆಯಲಾರದಷ್ಟು ಕಷ್ಟ ಆದರೆ ನಿಲ್ಲಿಸಿ ವೈದ್ಯರಿಗೆ ಹೇಳಿ. ಪರೀಕ್ಷೆಯಲ್ಲಿ ಸೀಲಿಯಾಕ್ ಎಂದು ಬಂದರೆ ಆಗ ಜೀವನಪೂರ್ತಿ ಪಥ್ಯ. ಆ ಪಥ್ಯ ನಮ್ಮ ಕಡೆಯವರಿಗೆ ಅಷ್ಟು ಕಷ್ಟವೇನಲ್ಲ. ರಾಗಿ, ಅಕ್ಕಿ, ಜೋಳ ಯಾವುದರಲ್ಲೂ ಗ್ಲುಟನ್ ಇಲ್ಲ. ಮುದ್ದೆ, ಅಕ್ಕಿರೊಟ್ಟಿ, ಕಡುಬು, ನೀರುದೋಸೆ ಎಲ್ಲ ಸಲ್ಲುತ್ತದೆ. ಸಿಕ್ಕಿಹಾಕಿಕೊಳ್ಳುವುದು ಕಾಣದ ಕಡೆ. ಅಂಗಡಿಯ ಪುಡಿ ಇಂಗಿನಲ್ಲಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುವುದುಂಟು. ಬಾರ್ಲಿಯಿಂದ ಮಾಡಿದ ಮಾಲ್ಟ್ ಪುಡಿಗಳೂ ಆಗವು. ಇದೆಲ್ಲ ಪರೀಕ್ಷೆ ಆದ ಮೇಲಿನ ಮಾತು, ಈಗಲೇ ಇಂಗಿನ ಡಬ್ಬಿ ಹೊರಗೆಸೆಯಬೇಡಿ.

ಸೀಲಿಯಾಕ್ ಇಲ್ಲ ಎಂದಾದರೆ? ಚಪಾತಿ ತಿಂದ ದಿನ ಹೊಟ್ಟೆ ಉಬ್ಬರಿಸುವುದು ಸುಳ್ಳೇ? ಸುಳ್ಳಲ್ಲ. ಚಪಾತಿಯ ಜೊತೆ ಏನು ಪಲ್ಯ ಮಾಡುತ್ತೀರಿ ಎಂದು ನಾನು ಕೇಳುತ್ತೇನೆ. ಹಾಸನದ ಮನೆ ಎಂದ ಮೇಲೆ ಆಲೂಗಡ್ಡೆ, ಅದರ ಜೊತೆ ಧಾರಾಳ ಈರುಳ್ಳಿ ಇರಲೇಬೇಕು. ಗೋಧಿ, ಈರುಳ್ಳಿ, ಬೆಳ್ಳುಳ್ಳಿ ಮೂರರಲ್ಲೂ ಫ್ರಕ್ಟಾನ್ ಎಂಬ ಪಿಷ್ಟದಂಥ ಅಂಶ ಇದೆ. ಯಾರ ಸಣ್ಣಕರುಳಿಗೂ ಅದು ಅರಗುವುದಿಲ್ಲ. ಹಾಗೇ ದೊಡ್ಡಕರುಳಿಗೆ ಇಳಿದು ಅಲ್ಲಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಗಾಳಿ ಆಗುತ್ತದೆ. ಕೆಲವರಿಗೆ ಗೊತ್ತೇ ಆಗುವುದಿಲ್ಲ. ಕರುಳು ಸೂಕ್ಷ್ಮ ಇರುವವರಿಗೆ ಹೊಟ್ಟೆ ತಮಟೆ ಆಗುತ್ತದೆ. ಅವರೆಕಾಳು, ಹುರುಳಿಕಾಳಿನಲ್ಲೂ ಇದೇ ಜಾತಿಯ ಇನ್ನೊಂದು ಅಂಶ ಇದೆ. ನಮ್ಮ ಹಿರಿಯರು ವಾಯು ಎಂದಿದ್ದನ್ನು ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದವರು 2005ರಲ್ಲಿ ಫಾಡ್‌ಮ್ಯಾಪ್ (ಸರಿಯಾಗಿ ಅರಗದೆ ಗಾಳಿ ಮಾಡುವ ಇಂಥ ಅಂಶಗಳ ಗುಂಪು) ಎಂದು ಕರೆದರು ಅಂದುಕೊಳ್ಳಿ. ಎರಡು ಪೂರ್ತಿ ಒಂದೇ ಅಲ್ಲ, ಆದರೆ ನಂಟರು.

2018ರಲ್ಲಿ ನಾರ್ವೆಯ ಒಂದು ಅಧ್ಯಯನ ಪ್ರಕಟವಾಯಿತು. ಗ್ಲುಟನ್ ಒಗ್ಗುವುದಿಲ್ಲ ಎಂದು ತಾವೇ ಗೋಧಿ ಬಿಟ್ಟಿದ್ದ 59 ಜನ. ಯಾರಿಗೂ ಸೀಲಿಯಾಕ್ ಇರಲಿಲ್ಲ. ಒಂದೊಂದು ವಾರ ಒಂದೊಂದು ಬಗೆಯ ತಿಂಡಿ ಕೊಟ್ಟರು. ಒಂದರಲ್ಲಿ ಗ್ಲುಟನ್, ಒಂದರಲ್ಲಿ ಫ್ರಕ್ಟಾನ್, ಒಂದರಲ್ಲಿ ಎರಡೂ ಇಲ್ಲ. ಯಾವುದು ಯಾವುದೆಂದು ತಿನ್ನುವವರಿಗೆ ಗೊತ್ತಿಲ್ಲ. 24 ಜನರಿಗೆ ಅತಿ ಹೆಚ್ಚು ತೊಂದರೆ ಆಗಿದ್ದು ಫ್ರಕ್ಟಾನ್ ತಿಂದ ವಾರ. ಗ್ಲುಟನ್ ವಾರದಲ್ಲಿ 13 ಜನರಿಗೆ. ಇನ್ನುಳಿದ 22 ಜನರಿಗೆ ಅತಿ ಹೆಚ್ಚು ತೊಂದರೆ ಆಗಿದ್ದು ಏನೂ ಇಲ್ಲದ ತಿಂಡಿಯ ವಾರ! ನಗಬೇಡಿ. ಆ 22 ಜನ ಸುಳ್ಳು ಹೇಳಲಿಲ್ಲ. ಈ ತಿಂಡಿ ನನಗೆ ಆಗಿಬರುವುದಿಲ್ಲ ಎಂಬ ಭಯದಲ್ಲಿ ತಿಂದರೆ ಕರುಳು ನಿಜವಾಗಿಯೂ ಹಿಂಡುತ್ತದೆ. ಪರೀಕ್ಷೆಯ ಹಾಲ್ ಟಿಕೆಟ್ ಕೈಗೆ ಬಂದ ದಿನ ನಿಮ್ಮ ಮಕ್ಕಳ ಹೊಟ್ಟೆಗೆ ಏನಾಗುತ್ತದೆ ಎಂದು ನಿಮಗೇ ಗೊತ್ತು.

ಹೊಟ್ಟೆ-ತಲೆಯ ನಂಟಿನ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತದೆ. ಮನಸ್ಸನ್ನು ಖುಷಿಯಾಗಿಡುವ ಸೆರಟೋನಿನ್ ನೂರಕ್ಕೆ 90 ಭಾಗ ಕರುಳಲ್ಲೇ ತಯಾರಾಗುತ್ತದೆ, ಆದ್ದರಿಂದ ಕರುಳು ಸರಿ ಇದ್ದರೆ ತಲೆ ಸರಿ ಎಂದು. ಮೊದಲ ಅರ್ಧ ನಿಜ. ಆದರೆ ಕರುಳಿನ ಸೆರಟೋನಿನ್ ಮಿದುಳಿನೊಳಗೆ ಹೋಗಲಾರದು, ಮಿದುಳು ತನಗೆ ಬೇಕಾದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಹೊಟ್ಟೆಯ ತೊಂದರೆ ತಲೆಗೆ ತಟ್ಟುವ ದಾರಿ ಹಲವು ಸಲ ಇದಕ್ಕಿಂತ ಸರಳ. ರಾತ್ರಿ ಹೊಟ್ಟೆ ಉಬ್ಬರಿಸಿ ನಿದ್ದೆ ಕೆಡುತ್ತದೆ, ಬೆಳಗ್ಗೆ ತಲೆ ಓಡುವುದಿಲ್ಲ.

ಹಾಲಿನ ವಿಷಯ ಬೇಗ ಹೇಳುತ್ತೇನೆ. ಹಾಲಿನ ಸಕ್ಕರೆ ಲ್ಯಾಕ್ಟೋಸ್ ಅರಗಿಸುವ ಶಕ್ತಿ ಬಾಲ್ಯ ಕಳೆದ ಮೇಲೆ ಪ್ರಪಂಚದ ಸುಮಾರು ಮೂರನೇ ಎರಡು ಭಾಗ ಜನರಲ್ಲಿ ಕಡಿಮೆಯಾಗುತ್ತದೆ. ಅದು ಕಾಯಿಲೆಯಲ್ಲ. ಅಂಥವರಲ್ಲೂ ಹೆಚ್ಚಿನವರು ಒಂದು ಲೋಟ ಹಾಲನ್ನು ಊಟದ ಜೊತೆ ತೊಂದರೆಯಿಲ್ಲದೆ ಕುಡಿಯಬಲ್ಲರು. ಮೊಸರಿನಲ್ಲಿ ಹೆಪ್ಪಿನ ಜೀವಾಣುಗಳು ಆ ಸಕ್ಕರೆಯನ್ನು ಒಂದಷ್ಟು ಮೊದಲೇ ತಿಂದಿರುತ್ತವೆ. ನೀವು ಮೊಸರು, ಮಜ್ಜಿಗೆ ಬಿಟ್ಟಿದ್ದು ನನಗೆ ನಿಜಕ್ಕೂ ಬೇಜಾರಿನ ಸಂಗತಿ. ನಾಳೆಯಿಂದಲೇ ಶುರು ಮಾಡಿ.

ಯಾಕೆ ಅವಸರ ಎಂದರೆ ಬಿ12. ಈ ಜೀವಸತ್ವ ಸೊಪ್ಪು, ಕಾಳು, ರಾಗಿ ಯಾವುದರಲ್ಲೂ ಸಿಗದು. ಮಾಂಸ ತಿನ್ನದ ಮನೆಯಲ್ಲಿ ಅದು ಬರುವುದು ಹಾಲು, ಮೊಸರು, ಮೊಟ್ಟೆಯಿಂದ. ಕ್ಯಾಂಪ್‌ನ ಕಾಗದ ನಿಮ್ಮಿಂದ ಬಿಡಿಸಿದ್ದು ಸರಿಯಾಗಿ ಆ ಮೂರನ್ನೇ. ಪಿತ್ತಜನಕಾಂಗದಲ್ಲಿ ಬಿ12 ವರ್ಷಗಟ್ಟಲೆ ಬರುವಷ್ಟು ದಾಸ್ತಾನು ಇರುತ್ತದೆ, ಆದ್ದರಿಂದ ನಾಲ್ಕು ತಿಂಗಳ ಪಥ್ಯದಿಂದಲೇ ಖಾಲಿ ಆಗಿರಲಾರದು. ಆದರೆ ಮೊದಲೇ ತಳ ಕಾಣುತ್ತಿದ್ದ ಡಬ್ಬಿಯಾದರೆ? ಬಿ12 ಕಡಿಮೆಯಾದರೆ ಮರೆವು, ಮಂಕು, ಪಾದದಲ್ಲಿ ಜೋಮು, ಸುಸ್ತು. ರಕ್ತದಲ್ಲಿ ಅದು ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕೆಳಗೆ ಬಂದರೆ ಚಿಕಿತ್ಸೆ ಬೇಕೇ ಬೇಕು.

ಈಗ ಆ ಮೂರು ಸಾಲುಗಳಿಗೆ ಬರುತ್ತೇನೆ.

ಮುಟ್ಟು ಜಾಸ್ತಿ ಹೋಗುತ್ತದೆ ಎಂದಿದ್ದೀರಿ. ಎಷ್ಟು ವರ್ಷದಿಂದ ಎಂದು ಬರೆದಿಲ್ಲ. ನಮ್ಮ ಹೆಣ್ಣುಮಕ್ಕಳು ಇದನ್ನು ಹೇಳಿಕೊಳ್ಳುವುದೇ ಕಡಿಮೆ, ಕೇಳಿದರೆ 'ಎಲ್ಲರಿಗೂ ಇರೋದೇ ಅಲ್ವಾ ಸಾರ್' ಎನ್ನುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇದೆ. ಇದು ಹಿಮೋಗ್ಲೋಬಿನ್ ಲೆಕ್ಕ. ಆದರೆ ಹಿಮೋಗ್ಲೋಬಿನ್ ಇಳಿಯುವುದು ಕೊನೆಗೆ. ಅದಕ್ಕೂ ಮೊದಲು ಮೈಯ ಕಬ್ಬಿಣದ ಕಣಜ ಖಾಲಿಯಾಗುತ್ತದೆ. ಆ ಕಣಜವನ್ನು ಅಳೆಯುವುದು ಫೆರಿಟಿನ್ ಪರೀಕ್ಷೆ. ಎಷ್ಟೋ ಜನ ಹಿಮೋಗ್ಲೋಬಿನ್ 12 ಬಂತು, ನಾರ್ಮಲ್ ಎಂದು ಮನೆಗೆ ಹೋಗುತ್ತಾರೆ. ಫೆರಿಟಿನ್ ನೋಡಿದರೆ ಒಂದಂಕಿ.

2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಇಂಥವರನ್ನೇ ಆರಿಸಿದ್ದರು. ರಕ್ತಹೀನತೆ ಇಲ್ಲ, ಫೆರಿಟಿನ್ 50ಕ್ಕಿಂತ ಕಡಿಮೆ, ಕಾರಣ ತಿಳಿಯದ ಸುಸ್ತು, ಒಟ್ಟು 198 ಹೆಂಗಸರು. ಅರ್ಧ ಜನಕ್ಕೆ ಕಬ್ಬಿಣದ ಮಾತ್ರೆ, ಉಳಿದವರಿಗೆ ಏನೂ ಇಲ್ಲದ ಮಾತ್ರೆ. 12 ವಾರದ ಮೇಲೆ ಕಬ್ಬಿಣ ತಿಂದವರ ಸುಸ್ತು ಸುಮಾರು ನೂರಕ್ಕೆ 48 ಭಾಗ ಇಳಿದಿತ್ತು. ಏನೂ ಇಲ್ಲದ ಮಾತ್ರೆ ತಿಂದವರಲ್ಲೂ 29 ಭಾಗ ಇಳಿದಿತ್ತು. ನಿಮ್ಮ ಮೊದಲ 15 ದಿನದ ಗುಟ್ಟು ಈ 29ರಲ್ಲಿ ಸ್ವಲ್ಪ ಇದೆ. ಅಂತೂ ಕಾರಣ ಸಿಕ್ಕಿತು ಎಂಬ ನೆಮ್ಮದಿಗೇ ಮೈ ಹಗುರಾಗುತ್ತದೆ. ಜೊತೆಗೆ ಆ ದಿನಗಳಲ್ಲಿ ನೀವು ಸಂಜೆಯ ಬೇಕರಿ ಪಫ್, ಬನ್ನು, ಬಿಸ್ಕತ್ತನ್ನೂ ಬಿಟ್ಟಿರಿ. ಊರೂರಿಗೆ ಅಯ್ಯಂಗಾರ್ ಬೇಕರಿ ಕಳಿಸಿದ ಜಿಲ್ಲೆ ನಮ್ಮದು, ಬಿಟ್ಟರೆ ವ್ಯತ್ಯಾಸ ಗೊತ್ತಾಗದೇ ಇರುತ್ತದೆಯೇ? ಆಮೇಲೆ ಹೊಟ್ಟೆಗೆ ಬೀಳುವುದೇ ಕಡಿಮೆಯಾಯಿತು, ತೂಕ ಇಳಿಯಿತು, ಸುಸ್ತು ವಾಪಸ್ ಬಂತು. ಐದು ಕೆಜಿ ಇಳಿದದ್ದು ಪಥ್ಯದಿಂದಲೇ ಎಂದು ನನಗನಿಸುತ್ತದೆ. ಆದರೂ ವೈದ್ಯರೆದುರು ಅದನ್ನು ಮರೆಯದೆ ಹೇಳಿ.

ಮುಟ್ಟು ಯಾಕೆ ಜಾಸ್ತಿ ಎಂದು ಸ್ತ್ರೀರೋಗ ತಜ್ಞರಿಗೂ ತೋರಿಸಬೇಕು. ತೊಟ್ಟಿಗೆ ನೀರು ತುಂಬುತ್ತಾ ಕೆಳಗಿನ ನಲ್ಲಿ ಬಿಟ್ಟುಕೊಂಡಿದ್ದರೆ ಪ್ರಯೋಜನ ಇಲ್ಲ. ಥೈರಾಯ್ಡ್ ಕಡಿಮೆ ಇದ್ದರೂ ಮುಟ್ಟು ಜಾಸ್ತಿಯಾಗುತ್ತದೆ, ತಲೆಯೂ ಮಂಕಾಗುತ್ತದೆ. ಆದ್ದರಿಂದ ಸಿಬಿಸಿ (ರಕ್ತಕಣಗಳ ಎಣಿಕೆ), ಫೆರಿಟಿನ್, ಬಿ12 ಜೊತೆಗೆ ಥೈರಾಯ್ಡ್ ನೋಡುವ ಟಿಎಸ್‌ಎಚ್ ಮತ್ತು ರಕ್ತದ ಸಕ್ಕರೆ ಕೂಡ ಸೇರಿಸಿ.

ಎರಡನೆಯ ಸಾಲು ಕಾಫಿ. ಇಲ್ಲಿ ನಾನು ಜಾಗರೂಕನಾಗಿರಬೇಕು. ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರು ಎಂದು ಹೇಳಿಕೊಳ್ಳುವ ಸೀಮೆ ಇದು. ಇಲ್ಲಿ ಕಾಫಿ ಬಿಡಿ ಎಂದರೆ ಜನ ಡಾಕ್ಟರನ್ನೇ ಬಿಡುತ್ತಾರೆ. ನಾನೂ ದಿನಕ್ಕೆ ಎರಡು ಲೋಟದವನು. ಬಿಡಿ ಎನ್ನುತ್ತಿಲ್ಲ, ಹೊತ್ತು ಬದಲಿಸಿ ಎನ್ನುತ್ತಿದ್ದೇನೆ.

ಕಾಫಿಯ ಒಗರಿನ ಅಂಶ ಕಾಳು, ಸೊಪ್ಪು, ರಾಗಿಯ ಕಬ್ಬಿಣವನ್ನು ಹಿಡಿದುಕೊಂಡು ಕರುಳಿಗೆ ಸಿಗದ ಹಾಗೆ ಮಾಡುತ್ತದೆ. 1983ರ ಒಂದು ಹಳೆಯ ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣ ಮೈಗೆ ಹತ್ತುವುದು ನೂರಕ್ಕೆ 39 ಭಾಗ ಕಡಿಮೆಯಾಯಿತು. ಟೀ ಕುಡಿದಾಗ 64. ಊಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಏನೂ ತೊಂದರೆ ಆಗಲಿಲ್ಲ. ಊಟವಾಗಿ ಒಂದು ಗಂಟೆ ಬಿಟ್ಟು ಕುಡಿದರೆ ಮಾತ್ರ ಜೊತೆಗೆ ಕುಡಿದಷ್ಟೇ ನಷ್ಟ. ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ ಒಂದು ಲೋಟ, ತಿಂಡಿ ಅದಾದ ಒಂದು ಗಂಟೆಗೆ. ತಿಂಡಿ ತಟ್ಟೆಯ ಪಕ್ಕದಲ್ಲೇ ಲೋಟ ಇಡುವ ನಮ್ಮ ಅಭ್ಯಾಸ ನಿಮಗೆ ಸದ್ಯಕ್ಕೆ ಬೇಡ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ, ಅದು ಕಬ್ಬಿಣ ಹತ್ತಿಸುತ್ತದೆ.

ಕಾಫಿಯಲ್ಲಿರುವ ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ನಿಮ್ಮ ಕೊನೆಯ ಲೋಟ ಶಾಲೆಯಿಂದ ಬಂದು ಆರು ಗಂಟೆಗೆ. ರಾತ್ರಿ ಹನ್ನೊಂದಕ್ಕೆ ಅರ್ಧ ಲೋಟ ಇನ್ನೂ ಒಳಗೇ ಕೂತಿರುತ್ತದೆ. ನಿದ್ದೆ ಬರಬಹುದು, ಆದರೆ ತೆಳು ನಿದ್ದೆ. ಬೆಳಗ್ಗೆ ಮಂಕು, ಮಂಕಿಗೆ ಮತ್ತೊಂದು ಲೋಟ. ರೊಬಸ್ಟಾ ಜಾತಿಯ ಕಾಫಿಯಲ್ಲಿ ಅರೇಬಿಕಾ ಜಾತಿಯ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ, ನಿಮ್ಮ ಪುಡಿಯಲ್ಲಿ ಯಾವುದು ಎಷ್ಟು ಎಂದು ಅಂಗಡಿಯಲ್ಲಿ ಕೇಳಿ. ಎರಡು ದಿನ ಬಿಟ್ಟಾಗ ತಲೆ ಸಿಡಿದದ್ದು ಅಲರ್ಜಿಯೂ ಅಲ್ಲ, ವಿಷ ಹೊರಹೋಗುವುದೂ ಅಲ್ಲ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು, ಸುಸ್ತು, ಗಮನ ನಿಲ್ಲದಿರುವುದು ಶುರುವಾಗುತ್ತದೆ, ಒಂದು ವಾರದ ಹೊತ್ತಿಗೆ ತಾನೇ ಹೋಗುತ್ತದೆ. ಮೂರು ನಾಲ್ಕು ದಿನಕ್ಕೊಂದು ಲೋಟದಂತೆ ಇಳಿಸಿ ಎರಡಕ್ಕೆ ಬನ್ನಿ. ಮಧ್ಯಾಹ್ನ ಎರಡರ ಮೇಲೆ ಬೇಡ.

ಇನ್ನೊಂದು ಸಣ್ಣ ಮಾತು. ಪುಡಿ ಮಾಡಿಸುವಾಗ 'ಚಿಕೋರಿ ಎಷ್ಟು ಹಾಕಲಿ' ಎಂದು ಕೇಳುತ್ತಾರಲ್ಲ, ಆ ಚಿಕೋರಿ ಒಂದು ಬೇರು. ಅದರಲ್ಲಿ ಕೆಫೀನ್ ಇಲ್ಲ, ಆದರೆ ಈರುಳ್ಳಿಯಲ್ಲಿರುವ ಅದೇ ಫ್ರಕ್ಟಾನ್ ಜಾತಿಯ ಇನುಲಿನ್ ಧಾರಾಳ ಇದೆ. ಹುರಿದಾಗ ಒಂದಷ್ಟು ಹೋಗುತ್ತದೆ, ಉಳಿದದ್ದು ಡಿಕಾಕ್ಷನ್‌ಗೆ ಇಳಿಯುತ್ತದೆ. ಕಾನೂನಿನಂತೆ ಮಿಶ್ರ ಪುಡಿಯಲ್ಲಿ ಕಾಫಿ ಕನಿಷ್ಠ ನೂರಕ್ಕೆ 51 ಭಾಗ ಇದ್ದರೆ ಆಯಿತು, ಉಳಿದ 49ರವರೆಗೂ ಚಿಕೋರಿ ಇರಬಹುದು. ಐದು ಲೋಟ ಕುಡಿದು ಹೊಟ್ಟೆ ಉಬ್ಬರ ಎನ್ನುವವರಿಗೆ ನಾನು ಮೊದಲು ಬದಲಿಸಲು ಹೇಳುವುದು ಪುಡಿಯನ್ನು. ಎರಡು ವಾರ ಚಿಕೋರಿ ಇಲ್ಲದ ಪುಡಿ ಕುಡಿದು ನೋಡಿ.

ಮೂರನೆಯ ಸಾಲು ರಾತ್ರಿಯ ಮಾತ್ರೆ. ಹೆಸರು ಬರೆದಿಲ್ಲ. ಸೀನಿಗೆ ಕೊಡುವ ಮಾತ್ರೆಗಳಲ್ಲಿ ಕ್ಲೋರ್‌ಫೆನಿರಮಿನ್ ಇದ್ದರೆ ಮಂಪರು ಮರುದಿನಕ್ಕೂ ಎಳೆಯುತ್ತದೆ. ಸೆಟಿರಿಜಿನ್ ಅಷ್ಟಿಲ್ಲ, ಆದರೂ ಕೆಲವರನ್ನು ಬಿಡುವುದಿಲ್ಲ. ಅಲರ್ಜಿಗೆ ಎಂದು ನುಂಗಿದ ಮಾತ್ರೆಯೇ ತಲೆ ಮಂಕು ಮಾಡುತ್ತಿದ್ದು, ಆ ಮಂಕಿಗೆ ಊಟವನ್ನು ಬೈಯುತ್ತಿದ್ದರೆ? ಮಾತ್ರೆ ಶುರುವಾದದ್ದು ಯಾವಾಗ, ಮಂಕು ಶುರುವಾದದ್ದು ಯಾವಾಗ, ಕ್ಯಾಲೆಂಡರ್ ಇಟ್ಟುಕೊಂಡು ನೋಡಿ. ಮಂಪರು ತರದ ಬೇರೆ ಮಾತ್ರೆ, ಮೂಗಿಗೆ ಸ್ಪ್ರೇ ಇವೆ. ನಿಮ್ಮ ವೈದ್ಯರು ಬದಲಿಸಿ ಕೊಡುತ್ತಾರೆ.

ಸಕಲೇಶಪುರ ಕಡೆಯ ಒಬ್ಬ ಎಸ್ಟೇಟ್ ರೈಟರ್ (ತೋಟದ ಲೆಕ್ಕ ಬರೆಯುವವರು) ನನ್ನ ಹತ್ತಿರ ಬಂದಿದ್ದರು. ಚೆಕ್‌ರೋಲ್‌ನಲ್ಲಿ ಆಳುಗಳ ಹಾಜರಿ ತಪ್ಪುತ್ತಿತ್ತು, ಸಾಹುಕಾರರ ಹತ್ತಿರ ಬೈಸಿಕೊಂಡಿದ್ದರು. ಗೋಧಿ ಒಗ್ಗುವುದಿಲ್ಲ ಎಂದು ತಾವೇ ತೀರ್ಮಾನಿಸಿದ್ದರು. ಯಾಕೆಂದರೆ ರಾತ್ರಿ ಮುದ್ದೆ ಬಿಟ್ಟು ಚಪಾತಿ ತಿನ್ನಲು ಶುರು ಮಾಡಿದ ವರ್ಷವೇ ಮಂಕು ಶುರುವಾಗಿತ್ತು. ಚಪಾತಿ ಯಾಕೆ ಶುರು ಮಾಡಿದಿರಿ ಎಂದೆ. ಸಕ್ಕರೆ ಕಾಯಿಲೆ ಬಂತು, ಅದಕ್ಕೆ ಎಂದರು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅವರ ಮನೆಯವರು, 'ರಾತ್ರಿ ಇವರ ಗೊರಕೆಗೆ ಹೆಂಚು ಹಾರ್ತದೆ ಸಾರ್, ಮಧ್ಯೆ ಮಧ್ಯೆ ಉಸಿರೇ ನಿಲ್ತದೆ' ಎಂದರು. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ತೂಕ ಏರಿದ್ದು, ಸಕ್ಕರೆ ಬಂದದ್ದು, ಗೊರಕೆ, ಚಪಾತಿ ಎಲ್ಲ ಒಂದೇ ಕಾಲಕ್ಕೆ ಸೇರಿಕೊಂಡಿದ್ದವು. ಸಿಕ್ಕಿಬಿದ್ದಿದ್ದು ಚಪಾತಿ ಮಾತ್ರ.

ನಿಮ್ಮ ರಕ್ತದ ವರದಿಗಳು ಬಂದು, ಕೊರತೆಗಳಿಗೆ ಔಷಧ ಶುರುವಾದ ಮೇಲೂ ಯಾವುದೋ ಒಂದು ಆಹಾರದ ಮೇಲೆ ಅನುಮಾನ ಉಳಿದರೆ ಆಗ ಪರೀಕ್ಷೆ ಮಾಡಿ. ಮನೆಯಲ್ಲೇ ಆಗುತ್ತದೆ, ದುಡ್ಡು ಬೇಡ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ತಿಂದದ್ದು, ಹೊತ್ತು, ನಿದ್ದೆ, ಮುಟ್ಟಿನ ದಿನ, ಮಂಕಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಬರೆಯಿರಿ. ಅಂಕ ಕೊಡುವುದು ನಿಮಗೆ ಹೇಳಿಕೊಡಬೇಕಿಲ್ಲ. ಆಮೇಲೆ ಒಂದೇ ಒಂದು ಪದಾರ್ಥ, ಉದಾಹರಣೆಗೆ ಈರುಳ್ಳಿ, ಮೂರು ವಾರ ಬಿಡಿ. ವ್ಯತ್ಯಾಸ ಕಂಡರೆ ಅಲ್ಲಿಗೇ ನಿಲ್ಲಬಾರದು, ಮತ್ತೆ ಮೂರು ದಿನ ತಿನ್ನಬೇಕು. ಬಿಟ್ಟಾಗ ಹೋಗಿ, ತಿಂದಾಗ ಬಂದರೆ ಮಾತ್ರ ಅದು ಕಾರಣ. ಹೆಚ್ಚಿನವರು ಎಡವುವುದು ಈ ತಿರುಗಿ ತಿನ್ನುವ ಹೆಜ್ಜೆಯಲ್ಲಿ. ಹಿಂದೆ ದದ್ದು, ಊತ, ಉಬ್ಬಸ ಬಂದ ಆಹಾರವನ್ನು ಮಾತ್ರ ಮನೆಯಲ್ಲಿ ಹೀಗೆ ಪರೀಕ್ಷಿಸಲೇಬಾರದು.

ಮಧ್ಯಾಹ್ನ ಊಟದ ಮೇಲೆ ಒಂದರಿಂದ ಮೂರರವರೆಗೆ ಬರುವ ತೂಕಡಿಕೆಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅದು ಮೈಯ ಗಡಿಯಾರದ ಸಹಜ ಇಳಿತ. ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ ಎನ್ನುತ್ತಾರೆ ನಿಜ, ಆದರೆ ಎರಡು ಮುದ್ದೆ ತಿಂದ ಕೂಡಲೇ ಅವನೂ ಸ್ವಲ್ಪ ಹೊತ್ತು ಒರಗಿರುತ್ತಾನೆ.

ಮಗಳಿಗೆ ಆ ಪರೀಕ್ಷೆ ಖಂಡಿತ ಬೇಡ. ಆಡಿಕೊಂಡು, ಬೆಳೆದುಕೊಂಡು ಇರುವ ಮಗುವಿನ ತಟ್ಟೆಯಿಂದ ಹಾಲು, ಮೊಟ್ಟೆ, ಕಡಲೆಕಾಯಿ ತೆಗೆದರೆ ಬೆಳವಣಿಗೆಗೆ ಪೆಟ್ಟು. ನಿಮಗೆ ಸೀಲಿಯಾಕ್ ಇದೆ ಎಂದು ಗಟ್ಟಿಯಾದರೆ ಮಾತ್ರ ಅವಳಿಗೂ ಟಿಟಿಜಿ ಮಾಡಿಸಬೇಕು, ಅದು ಹತ್ತಿರದ ರಕ್ತಸಂಬಂಧಿಗಳಲ್ಲಿ ಹೆಚ್ಚು.

ಅವರೆಕಾಯಿ ತಿನ್ನಿ. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹಿತಕಿ, ಹೊಸ ನೀರಿನಲ್ಲಿ ಬೇಯಿಸಿ. ಗಾಳಿ ಮಾಡುವ ಅಂಶ ಒಂದಷ್ಟು ಆ ಚೆಲ್ಲಿದ ನೀರಿನ ಜೊತೆ ಹೋಗುತ್ತದೆ. ಮೊದಲ ದಿನ ಅರ್ಧ ಬಟ್ಟಲು, ಈರುಳ್ಳಿ ಹಾಕದ ಸಾರು, ಜೊತೆಗೆ ಅಕ್ಕಿರೊಟ್ಟಿ ಇರಲಿ. ಕಾಫಿ ಮಾತ್ರ ಅದರ ಪಕ್ಕ ಬೇಡ.